ಸ್ಕಲ್ ಬೇಸ್ ಕಲಿಯಾಕ ಮೂರು ದಾರಿ ಹಿಡ್ದು ನೋಡಿದ್ನಿ: ಜಪಾನ್, ಕ್ಯಾಡವರ್ ಲ್ಯಾಬ್, ಒಂದು ವರ್ಷದ ಫೆಲೋಶಿಪ್

ಮಿದುಳು-ನರದ ಸರ್ಜರಿಯಾಗ ಎಂಸಿಎಚ್ ಡಿಗ್ರಿ ಮುಗಿಸ್ಕೊಂಡು ಬೆಳಗಾವಿಗೆ ಬಂದಾಗ ತಲಿ ಪೆಟ್ಟು, ಹೆಮರೇಜ್, ಬೆನ್ನಹುರಿ ಇವೆಲ್ಲಾ ಕೈಗೆ ಹತ್ತಿದ್ವು, ಆದ್ರ ತಲಿಬುರುಡಿ ತಳದಾಗಿನ, ಅಂದ್ರ ಸ್ಕಲ್ ಬೇಸ್‌ನ, ಗಡ್ಡಿ ಬಂತಂದ್ರ ಚೀಟಿ ಬರ್ದು ಬೆಂಗಳೂರಿಗೆ ಕಳಿಸೋದ ಆಗಿತ್ತು. ಗೋಕಾಕ ಕಡೆಯ ಒಬ್ಬ ಅಜ್ಜಿಗೆ ಕಿವಿಗೆ ಹೋಗೋ ಎಂಟನೇ ನರದ ಮ್ಯಾಲೆ ಗಡ್ಡಿ, ಅದ ನಮ್ಮ ವೆಸ್ಟಿಬ್ಯುಲರ್ ಶ್ವಾನೋಮಾ, ಎಂಆರ್‌ಐ ನೋಡಿ ನಾ ಏನೇನೋ ವಿವರ ಹೇಳಾಕತ್ತಿದ್ನಿ, ಆಕಿ ಮಗ ಕೇಳಿದ್ದು ಒಂದ ಮಾತು, "ಸಾಹೇಬ್ರ, ನಮ್ಮವ್ವನ ಬಾಯಿ ಸೊಟ್ಟ ಆಗಂಗಿಲ್ಲ ಹೌದಿಲ್ರಿ?" ಮುಖ ಆಡಿಸೋ ಫೇಶಿಯಲ್ ನರ ಆ ಗಡ್ಡಿ ಮಗ್ಗಲಕ್ಕ ಇರ್ತೈತಿ, ಹಂಗಾಗಿ ಅದಕ್ಕ ಹೂಂ ಅನ್ನಾಕ ಧೈರ್ಯ ಇರ್ಲಿಲ್ಲ. ಅವತ್ತ ರಾತ್ರಿ ಅವ್ರನ್ನ ಬೆಂಗಳೂರಿನ ರಾಣಿ ಚೆನ್ನಮ್ಮ ಟ್ರೇನಿಗೆ ಕಳಿಸಿಕೊಟ್ಟು ಮನಿಗೆ ಬಂದು ಈ ಕೆಲಸ ಕಲಿಸೋ ಫೆಲೋಶಿಪ್ ಹುಡುಕಾಕ ಕುಂತ್ನಿ.

ಮೊದಲ ಹೋಗಿದ್ದು ಜಪಾನ್‌ಗೆ, ಮೂರು ತಿಂಗಳು. ಖರೇ ಹೇಳ್ತೀನಿ, ಸಿವಿ ಮ್ಯಾಲೆ ಚಂದ ಕಾಣ್ತೈತಿ ಅನ್ನೋ ಆಸೇನೂ ಇತ್ತು. ಕಿವಿ ಒಳಗಿನ ಪೆಟ್ರಸ್ ಎಲುಬಿನ ಮುಂದಿನ ತುದಿ ಕೊರ್ದು ಮಿದುಳಿನ ಕಾಂಡದ (ಬ್ರೇನ್ ಸ್ಟೆಮ್) ಮುಂದ ಹೋಗೋ ದಾರಿಗೆ ನಾವೆಲ್ಲಾ ಕವಾಸೆ ಅಪ್ರೋಚ್ ಅಂತೀವಲ್ಲ, ಆ ತಾಕೇಶಿ ಕವಾಸೆ ಟೋಕಿಯೋದ ಕೇಯೋ ಯೂನಿವರ್ಸಿಟಿಯವ್ರು, 1985ರಾಗ ಅಲ್ಲಿನ ಬೇಸಿಲಾರ್ ರಕ್ತನಾಳ ಉಬ್ಬೋ ಅನ್ಯೂರಿಸಂ ಸಲುವಾಗಿ ಆ ದಾರಿ ಬರ್ದಿದ್ರು. ಆ ನಾಡಿನವ್ರ ಕೈ ನೋಡಬೇಕ್ರಿ, ಅರ್ಜೆಂಟ್ ಅನ್ನೋದ ಇಲ್ಲ, ಮಿದುಳಿನ ಮ್ಯಾಲಿನ ತೆಳ್ಳನ ಅರಾಕ್ನಾಯ್ಡ್ ಪೊರಿ ಒಂದೊಂದು ಎಳಿ ಕತ್ತರಿಲೆ ಬಿಡಿಸ್ತಾರ, ಎಳಿಯಂಗಿಲ್ಲ, ಹರಿಯಂಗಿಲ್ಲ. ಆಪರೇಷನ್ ಮುಗದ ಮ್ಯಾಲೆ ಸರ್ಜನ್ ಕುಂತು ಪೆನ್ಸಿಲ್ ಹಿಡ್ದು ಯಾವ ನರ ಎಲ್ಲಿತ್ತು, ರಕ್ತನಾಳ ಎಲ್ಲಿ ಗಡ್ಡಿಗೆ ಅಂಟಿತ್ತು ಅಂತ ಚಿತ್ರಾ ಬರೀತಾರ. ಆ ರೂಢಿ ನಾ ಹಿಡ್ಕೊಂಡು ಬಂದೇನಿ, ಇವತ್ತಿಗೂ ಬಿಟ್ಟಿಲ್ಲ.

ಆದ್ರ ಅದು ಅಬ್ಸರ್ವರ್‌ಶಿಪ್. ನಮ್ಮ ಲೈಸೆನ್ಸ್ ಅಲ್ಲಿ ನಡ್ಯಂಗಿಲ್ಲ, ಪೇಷಂಟ್‌ಗೆ ಕೈ ಹಚ್ಚಂಗಿಲ್ಲ, ಮಾನಿಟರ್ ಮುಂದ ನಿಂತು ನೋಡೋದಷ್ಟ. ಸಂಜೀಕ ರೂಮಿಗೆ ಬಂದು ಮನಿಂದ ಒಯ್ದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗೋದು. ರಾತ್ರಿ ಆ ಪೇಷಂಟ್‌ಗೆ ಏನಾತು, ಮುಂಜಾನೆ ನೀರು ನುಂಗಿದ್ನೋ ಇಲ್ಲೋ ನನಗ ಗೊತ್ತಾಗ್ತಿದ್ದಿಲ್ಲ, ವಾರ್ಡ್ ರೌಂಡ್ಸ್ ಪೂರಾ ಜಪಾನಿ ಭಾಷಾದಾಗ. ಕಣ್ಣು ತಯಾರಾತು, ಕೈ ಇದ್ದಲ್ಲೇ ಇತ್ತು.

ಕೈಗೆ ಕೆಲಸ ಸಿಕ್ಕಿದ್ದು ಸತ್ತವ್ರ ದೇಹದ ಮ್ಯಾಲೆ ಕಲಿಸೋ ಕ್ಯಾಡವರ್ ಕೋರ್ಸ್‌ನಾಗ. ನಾಕ ದಿನ, ಒಂದು ಟೇಬಲ್‌ಗೆ ಇಬ್ರು, ರಕ್ತನಾಳಕ್ಕ ಕೆಂಪು ನೀಲಿ ಲೇಟೆಕ್ಸ್ ತುಂಬಿದ ತಲಿ. ಫ್ಲೋರಿಡಾದ ಆಲ್ಬರ್ಟ್ ರೋಟನ್ ಆಯುಷ್ಯ ಪೂರ್ತಿ ಇಂಥಾ ತಲಿ ಬಿಡಿಸಿ ಬಿಡಿಸಿ ನಮಗ ಮೈಕ್ರೋಸರ್ಜಿಕಲ್ ಅನಾಟಮಿ ಕಲಿಸಿ ಹ್ವಾದ್ರು, ನಮ್ಮ ಆಪರೇಷನ್ ತಟ್ಟಿಯಾಗಿನ ಪೊರಿ ಬಿಡಿಸೋ ಡಿಸೆಕ್ಟರ್‌ಗೂ ಅವ್ರ ಹೆಸರ ಐತಿ. ಕಿವಿ ಹತ್ರದ ಟೆಂಪೊರಲ್ ಬೋನ್ ಕೊರಿಯೋವಾಗ ಸಿಗ್ಮಾಯ್ಡ್ ಸೈನಸ್ ಅನ್ನೋ ದೊಡ್ಡ ರಕ್ತನಾಳದ ಮ್ಯಾಲೆ ಎಲುಬು ತೆಳ್ಳಗಾಗಿ ನೀಲಿ ಕಾಣಾಕ ಶುರುವಾದಾಗ ಮೈ ಜುಂ ಅಂತೈತಿ. ಫೇಶಿಯಲ್ ನರದ ಹತ್ರ ಬಂದ್ರ ಡ್ರಿಲ್‌ಗೆ ಡೈಮಂಡ್ ಬರ್ (ವಜ್ರದ ಪುಡಿ ಹಚ್ಚಿದ ತುದಿ) ಹಾಕಿ, ಅದೂ ನರದ ಉದ್ದಕ್ಕ ಓಡಸ್ಬೇಕು, ಅಡ್ಡ ಅಲ್ಲ, ಮ್ಯಾಲೆ ನೀರು ಬಿಡ್ತಿರಬೇಕು, ಇಲ್ಲಂದ್ರ ಬಿಸಿಗೇ ನರ ಕೆಡ್ತೈತಿ. ಲ್ಯಾಬ್‌ನಾಗ ಎರಡು ಸರ್ತಿ ನರ ಕತ್ತರಿಸಿದ್ನಿ. ಅಲ್ಲೇ ಕತ್ತರಿಸಿದ್ದು ಚಲೋ ಆತು.

ಅದರ ಲಪಡಾ ಏನಂದ್ರ ಸತ್ತ ತಲಿ ರಕ್ತ ಸುರಿಸಂಗಿಲ್ಲ, ಮಿದುಳು ಉಬ್ಬಂಗಿಲ್ಲ. ಮತ್ತ ನಾಕ ದಿನದ ಕೈ ತಿಂಗಳೊಪ್ಪತ್ತಿನಾಗ ಮರ್ತು ಹೊಕ್ಕೈತಿ. ಅದಕ್ಕ ಮನ್ಯಾಗ ತತ್ತಿ ಕೊರಿಯಾಕ ಹಿಡಿದ್ನಿ. ಹಳೇ ಡ್ರಿಲ್ ಒಂದು ಸಂಪಾದ್ಸಿ, ತತ್ತಿ ಮ್ಯಾಲಿನ ಚಿಪ್ಪು ಅಷ್ಟ ತೆಗೀಬೇಕು, ಒಳಗಿನ ಪೊರಿ ಹರೀಬಾರ್ದು. ಮೊದಲ ದಿನ ಡಜನ್ ತತ್ತಿ ಒಡ್ದು ಅಂಗಿ ಎಲ್ಲಾ ಲೋಳಿ. ನಮ್ಮವ್ವ ಅಡಗಿ ಮನ್ಯಾಗ ತತ್ತಿ ತರಾಕ ಬಿಡಂಗಿಲ್ಲ, ಹಂಗಾಗಿ ಮಾಳಗಿ ಮ್ಯಾಲೆ ಟೇಬಲ್ ಹಾಕೇನಿ, ಮ್ಯಾಲೆ ಹತ್ತಿದ್ರ ಆಕಿ ಮೂಗು ಮುಚ್ಕೊಂಡ ಬರ್ತಾಳ.

ಮೂರನೇದು ನಮ್ಮ ದೇಶದಾಗಿನ ಒಂದು ವರ್ಷದ ಕ್ಲಿನಿಕಲ್ ಫೆಲೋಶಿಪ್. ಯಾವ ಊರು, ಯಾವ ಆಸ್ಪತ್ರಿ ಅಂತ ಹೇಳಂಗಿಲ್ಲ, ಯಾಕಂದ್ರ ಬೈಯೋದು ಐತಿ. ಮೊದಲ ನಾಕ ತಿಂಗಳು ನಾ ಮಾಡಿದ್ದು ಡಿಸ್ಚಾರ್ಜ್ ಸಮ್ಮರಿ, ಇನ್ಶೂರೆನ್ಸ್ ಫಾರ್ಮ್, ಮತ್ತ ಆಪರೇಷನ್‌ನಾಗ ತಲಿ ತೆರಿಯೋದು ಹೊಲಿಯೋದು. ಗಡ್ಡಿ ಬಂತಂದ್ರ ಸರ್ ಮೈಕ್ರೋಸ್ಕೋಪ್ ಮುಂದ, ನಾ ಅಸಿಸ್ಟಂಟ್ ಸೈಡಿಗೆ. ಎರಡು ಸರ್ತಿ ಬಿಟ್ಟು ಬರ್ಬೇಕಂತ ಬ್ಯಾಗ್ ತುಂಬಿದ್ನಿ.

ಬಿಡ್ಲಿಲ್ಲ, ಪುಣ್ಯಾ. ಯಾಕಂದ್ರ ಸ್ಕಲ್ ಬೇಸ್‌ನಾಗ ಪೇಷಂಟ್ ಮ್ಯಾಲೆ ಬರೋ ಗಂಡಾಂತರ ಭಾಳ ಮಾಡಿ ಗಡ್ಡಿ ತೆಗದ ಮ್ಯಾಲಿಂದ. ಒಂದಿನ ರಾತ್ರಿ ಎರಡಕ್ಕ ಸಿಸ್ಟರ್ ಫೋನ್, "ಸರ್, ಹನ್ನೊಂದನೇ ಬೆಡ್ ಪೇಷಂಟ್ ಮೂಗಿಂದ ನೀರು ಸೋರಾಕತ್ತೈತ್ರಿ." ಹೋಗಿ ಮುಂದಕ್ಕ ಬಗ್ಗಿ ಕುಂದ್ರಿಸಿದ್ನಿ, ಟಪ್ ಟಪ್ ಅಂತ ಕನ್ನಡಿಯಂಥಾ ನೀರು. ನೆಗಡಿ ಅಲ್ಲ, ಮಿದುಳಿನ ನೀರು. ಅವತ್ತ ಆ ನೀರು ತಗಿಯಾಕ ಸೊಂಟದಾಗ ನಳಿಗಿ (ಲಂಬಾರ್ ಡ್ರೇನ್) ಹಾಕಿ, ಮರುದಿನ ಮತ್ತ ಒಳಗ ಹೋಗಿ ಮುಚ್ಚೋ ಕೇಸ್ ಪೂರ್ತಿ ನನ್ನ ಕೈಗೆ ಕೊಟ್ರು. ನುಂಗಾಕ ಬೇಕಾದ ಒಂಬತ್ತು ಹತ್ತನೇ ನರಕ್ಕ ಪೆಟ್ಟಾದ ಪೇಷಂಟ್ ಚಾ ಕುಡ್ದ್ರ ಹ್ಯಾಂಗ ಕೆಮ್ಮತಾನ, ಯಾವಾಗ ಮೂಗಿನ ನಳಿಗಿ ಹಾಕಬೇಕು, ಯಾವಾಗ ಕುತಿಗಿಯಾಗ ಉಸಿರಿನ ತೂತು (ಟ್ರೇಕಿಯಾಸ್ಟಮಿ) ಮಾಡಬೇಕು, ಇದನ್ನ ಮಾನಿಟರ್‌ನಾಗ ಯಾರೂ ತೋರ್ಸಂಗಿಲ್ಲ.

ಹಂಗಾಗಿ ಊರಿಗೆ ವಾಪಸ್ ಬಂದು ಕೆಲಸ ಮಾಡೋರಿಗೆ ನನ್ನ ಓಟು ಒಂದು ವರ್ಷದ ಫೆಲೋಶಿಪ್‌ಗೇ, ಬೈಗುಳ ಸಮೇತ. ಆದ್ರ ಎಂಸಿಎಚ್ ಮುಗದ ಮರುದಿನಾನ ಹೋಗಬ್ಯಾಡ್ರಿ, ಎರಡ್ಮೂರು ವರ್ಷ ಸ್ವಂತ ಕೇಸ್ ಮಾಡಿ ಎಲ್ಲಿ ಕೈ ನಡಗ್ತೈತಿ ಅಂತ ತಿಳ್ಕೊಂಡು ಹೋಗ್ರಿ, ಏನ ಕೇಳ್ಬೇಕು ಅನ್ನೋದರೆ ಗೊತ್ತಿರ್ತೈತಿ. ಸೇರೋಕಿಂತ ಮೊದಲ ಅಲ್ಲಿ ಹಳೇ ಫೆಲೋಗೆ ಫೋನ್ ಮಾಡಿ "ಗಡ್ಡಿ ಯಾರು ತೆಗೀತಾರ, ರಾತ್ರಿ ಡ್ಯೂಟಿ ಯಾರ್ದು" ಅಂತ ಕೇಳ್ರಿ, ವೆಬ್‌ಸೈಟ್ ನಂಬಬ್ಯಾಡ್ರಿ. ಜಪಾನ್‌ಗೆ ರೊಕ್ಕ ಇದ್ರ ಆಮ್ಯಾಲ ಹೋದ್ರೂ ನಡೀತೈತಿ, ನಾ ಮೊದಲ ಹೋಗಿ ತಪ್ಪ ಮಾಡಿದ್ನಿ, ಅಲ್ಲಿ ನೋಡಿದ್ದರಾಗ ಅರ್ಧ ಈಗ ತಿಳಿಯಾಕತ್ತೈತಿ.

ಕ್ಯಾಡವರ್ ಕೋರ್ಸ್ ಒಂದು ಸರ್ತಿ ಸಾಲಂಗಿಲ್ಲ, ಮತ್ತ ಒಬ್ರ ಹೋಗಬ್ಯಾಡ್ರಿ. ಮೂಗಿನಿಂದ ಹೋಗೋ ಎಂಡೋಸ್ಕೋಪಿಕ್ ಕೇಸಿಗೆ ಇಎನ್‌ಟಿ ಜೋಡಿ ಬೇಕ ಬೇಕು. 2006ರಾಗ ಹಡಾದ್ ಅವ್ರ ನೇಸೋಸೆಪ್ಟಲ್ ಫ್ಲ್ಯಾಪ್, ಅಂದ್ರ ಮೂಗಿನ ನಡು ಗ್ವಾಡಿಯಿಂದ ಎತ್ತಿ ತೂತು ಮುಚ್ಚೋ ಪೊರಿ, ಬಂದ ಮ್ಯಾಲೆ ಮಿದುಳಿನ ನೀರಿನ ಸೋರಿಕಿ ಭಾಳ ಕಡಿಮಿ ಆತು, ಆದ್ರ ಅದನ್ನ ಮೂಗಿನ ಹಿಂದಿನ ಸ್ಫೀನಾಯ್ಡ್ ಎಲುಬಿನ ಬಾಯಿ ಅಗಲ ಮಾಡೋಕಿಂತ ಮೊದಲ ಎತ್ತಿಟ್ಕೋಬೇಕು, ಹಿಂದಿಂದ ಬರೋ ರಕ್ತನಾಳ ಕತ್ತರಿಸಿ ಹೋದ್ರ ಫ್ಲ್ಯಾಪ್ ಸತ್ತಂಗ. ಈ ಸರ್ತಿ ಕೋರ್ಸಿಗೆ ನಮ್ಮ ಇಎನ್‌ಟಿ ದೋಸ್ತನ್ನ ಎಳ್ಕೊಂಡು ಹೊಂಟೇನಿ, ಫ್ಲ್ಯಾಪ್ ಅಂವ ಎತ್ತಬೇಕು, ಮುಚ್ಚೋದು ಇಬ್ರೂ ಕೂಡಿ. ತತ್ತಿ ಕೊರಿಯಾಕ ಮಾತ್ರ ಅಂವ ನಮ್ಮ ಮಾಳಗಿಗೆ ಬರಂಗಿಲ್ಲ ಅಂತಾನ, ನಮ್ಮವ್ವಗ ಅಂಜ್ಕೊಂಡು.