ಬೇಸಿಗೆ ಫುಟ್‌ಬಾಲ್ ಶಿಬಿರ, ಮಳೆಗಾಲದ ಪಂದ್ಯಗಳು: ನಮ್ಮ ಪ್ರೌಢಶಾಲಾ ತಂಡದ ಈ ವರ್ಷದ ಲೆಕ್ಕಾಚಾರ

ಕಾರವಾರದಲ್ಲಿ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ನಡೆದ ಖಾಸಗಿ ಫುಟ್‌ಬಾಲ್ ತರಬೇತಿ ಶಿಬಿರಕ್ಕೆ ನಮ್ಮ ಪ್ರೌಢಶಾಲೆಯ ತಂಡದಿಂದ ಹದಿನಾಲ್ಕು ಹುಡುಗರು ಸೇರಿದ್ದರು. ತಲಾ 1,800 ರೂಪಾಯಿ ಶುಲ್ಕದಲ್ಲಿ ಅರ್ಧವನ್ನು ಹಳೆಯ ವಿದ್ಯಾರ್ಥಿಗಳು ಕೊಟ್ಟಿದ್ದರಿಂದ, ಆ ಹಣಕ್ಕೆ ತಕ್ಕ ಫಲ ಸಿಕ್ಕಿತೇ ಎಂದು ಬರೆದು ತಿಳಿಸುವ ಹೊಣೆ, ತಂಡದ ಬೇಕುಬೇಡಗಳನ್ನು ನೋಡಿಕೊಳ್ಳುವ ಪಾಲಕರಲ್ಲಿ ಒಬ್ಬನಾದ ನನ್ನ ಪಾಲಿಗೆ ಬಂದಿದೆ. ಶಿಬಿರವನ್ನು ಅಳೆಯಲು ನನಗೆ ತೋಚುವ ಮಾನದಂಡ ಒಂದೇ: ಮಳೆಗಾಲದಲ್ಲಿ ಆರಂಭವಾಗುವ ಶಾಲಾ ಪಂದ್ಯಗಳಲ್ಲಿ ಈ ತಂಡ ಎಲ್ಲಿಯವರೆಗೆ ಹೋಗಬಲ್ಲದು. ತಾಲೂಕು ಮಟ್ಟವನ್ನು ಈ ಸಲ ದಾಟುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ; ಜಿಲ್ಲಾ ಮಟ್ಟದ ಫೈನಲ್ ಕೂಡ ದೂರದ ಮಾತಲ್ಲ. ಅದರಿಂದ ಆಚೆಗಿನದು ಒದ್ದೆ ಮೈದಾನ ಮತ್ತು ಗೋಲ್‌ಕೀಪರ್ ಎಂಬ ಎರಡು ಸಂಗತಿಗಳ ಮೇಲೆ ನಿಂತಿದೆ. ಇವೆರಡನ್ನೂ ಶಿಬಿರ ಮುಟ್ಟಲೇ ಇಲ್ಲ.

ಮೊದಲು ತಂಡದ ಸ್ಥಿತಿಯನ್ನು ಹೇಳಬೇಕು. ಪ್ರೌಢಶಾಲೆ ಎಂದರೆ ಎಂಟರಿಂದ ಹತ್ತರವರೆಗಿನ ಮೂರೇ ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿದವರು ಪ್ರತಿ ಬೇಸಿಗೆಯಲ್ಲೂ ಹೊರಟುಹೋಗುವುದರಿಂದ, ಆಟ ಕೈಗೂಡಿತು ಎನ್ನುವಷ್ಟರಲ್ಲಿ ತಂಡದ ಬೆನ್ನೆಲುಬೇ ಮುರಿದಿರುತ್ತದೆ. ಈ ವರ್ಷ ನಾವು ಕಳೆದುಕೊಂಡದ್ದು ನಡುವಿನ ಇಬ್ಬರು ಡಿಫೆಂಡರ್‌ಗಳನ್ನು ಮತ್ತು ಗೋಲ್‌ಕೀಪರ್‌ನನ್ನು. ಮಿಡ್‌ಫೀಲ್ಡ್ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ಮುಂದಿನ ಸಾಲಿನ ಹುಡುಗರು ಕೋಡಿಬಾಗ, ಬೈತಖೋಲ ಕಡೆಯ ಮೀನುಗಾರ ಕುಟುಂಬಗಳವರು. ಓಟದಲ್ಲಿ ಅವರನ್ನು ಹಿಡಿಯಬಲ್ಲವರು ತಾಲೂಕಿನಲ್ಲಿ ಹೆಚ್ಚಿಲ್ಲ. ಆದರೆ ಚೆಂಡು ಕಾಲಿಗೆ ಬಂದೊಡನೆ ತಲೆ ತಗ್ಗಿಸಿ ನೇರವಾಗಿ ಗೋಲಿನ ಕಡೆಗೆ ಓಡುವುದು, ಪಕ್ಕದಲ್ಲಿ ಕೈಯೆತ್ತಿ ನಿಂತವನನ್ನು ನೋಡದಿರುವುದು, ಇದು ಅವರ ಹಳೆಯ ರೋಗ.

ಈ ರೋಗಕ್ಕೆ ಶಿಬಿರ ಕೊಟ್ಟ ಮದ್ದು ಚೆನ್ನಾಗಿ ಹತ್ತಿದೆ. ತರಬೇತುದಾರರು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ತರಬೇತುದಾರರಿಗೆ ಕೊಡುವ ಡಿ ಲೈಸೆನ್ಸ್ ಪಡೆದವರು. ಕೊಂಕಣಿ, ಕನ್ನಡ ಎರಡರಲ್ಲೂ ಸರಾಗವಾಗಿ ಗದರಬಲ್ಲವರು, ಆದರೆ ಗದರುವುದು ಕಡಿಮೆ. ನಾನು ಕುಳಿತು ನೋಡಿದ ಒಂದು ಅಭ್ಯಾಸ ಹೀಗಿತ್ತು. ಒಬ್ಬ ಹುಡುಗ ಚೆಂಡಿಗಾಗಿ ಕಾಯುತ್ತಾ ನಿಲ್ಲುತ್ತಾನೆ, ಅವನ ಬೆನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ತರಬೇತುದಾರರು ಬೆರಳೆತ್ತಿ ತೋರಿಸುತ್ತಾರೆ. ಪಾಸ್ ಹೊರಟು ತನ್ನ ಕಾಲು ಮುಟ್ಟುವುದರೊಳಗೆ ಹುಡುಗ ಹೊರಳಿ ನೋಡಿ ಎಷ್ಟು ಬೆರಳು ಎಂದು ಕೂಗಿ ಹೇಳಬೇಕು, ಆಮೇಲೆ ಚೆಂಡನ್ನು ದೂರದ ಕಾಲಿನಲ್ಲಿ ತಡೆದು ಅದೇ ಚಲನೆಯಲ್ಲಿ ತಿರುಗಬೇಕು. ಮೊದಲ ವಾರದಲ್ಲಿ ಸಂಖ್ಯೆ ಸರಿಯಾದರೆ ಚೆಂಡು ತಪ್ಪುತ್ತಿತ್ತು, ಚೆಂಡು ಸಿಕ್ಕರೆ ಸಂಖ್ಯೆ ತಪ್ಪುತ್ತಿತ್ತು. ಮೇ ಎರಡನೆಯ ವಾರದ ಹೊತ್ತಿಗೆ ನಮ್ಮ ಮಿಡ್‌ಫೀಲ್ಡಿನ ಮೂವರು ಯಾರೂ ಕೇಳದಿದ್ದರೂ ಚೆಂಡು ಬರುವ ಮುಂಚೆ ಹೆಗಲ ಮೇಲಿಂದ ಹಿಂದಕ್ಕೆ ನೋಡುವುದನ್ನು ರೂಢಿ ಮಾಡಿಕೊಂಡಿದ್ದರು. ಒಂದು ಶಾಲಾ ತಂಡಕ್ಕೆ ಇದಕ್ಕಿಂತ ದೊಡ್ಡ ಲಾಭ ಬೇರೊಂದಿಲ್ಲ ಎಂದು ನನ್ನ ಎಣಿಕೆ.

ಆರಂಭದ ಇಪ್ಪತ್ತು ನಿಮಿಷ ಫಿಫಾದ 11 ಪ್ಲಸ್ ವ್ಯಾಯಾಮಕ್ಕೆ ಮೀಸಲಾಗಿತ್ತು. ಓಟ, ಒಂಟಿಕಾಲಿನ ಸಮತೋಲನ, ಜಿಗಿತ, ದಿಕ್ಕು ಬದಲಿಸುವುದು ಸೇರಿ ಒಟ್ಟು 15 ವ್ಯಾಯಾಮಗಳ ಈ ಕ್ರಮವನ್ನು ನಾರ್ವೆಯ ಹದಿಹರೆಯದ ಆಟಗಾರ್ತಿಯರಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಯಗಳು ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿದದ್ದು ಕಂಡಿತ್ತು. ಮೈದಾನವನ್ನು ಎರಡು ಸುತ್ತು ಓಡಿಸಿ ನೇರ ಪಂದ್ಯಕ್ಕೆ ಬಿಡುವ ನಮ್ಮ ಶಾಲೆಗಳ ಪದ್ಧತಿಗೆ ಹೋಲಿಸಿದರೆ ಇದು ಬಹಳ ಮುಂದಿನ ಹೆಜ್ಜೆ, ಖರ್ಚೂ ಇಲ್ಲ. ನಮ್ಮ ದೈಹಿಕ ಶಿಕ್ಷಣ ಶಿಕ್ಷಕರು ಅದನ್ನು ಬರೆದುಕೊಂಡು ಶಾಲೆಯಲ್ಲೂ ಮುಂದುವರಿಸುತ್ತಿದ್ದಾರೆ.

ನಿಯಮಗಳ ಪಾಠವೂ ಉಪಯುಕ್ತವಾಗಿತ್ತು. ಥ್ರೋ-ಇನ್, ಕಾರ್ನರ್ ಮತ್ತು ಗೋಲ್ ಕಿಕ್‌ನಿಂದ ನೇರವಾಗಿ ಚೆಂಡು ಪಡೆದವನಿಗೆ ಆಫ್‌ಸೈಡ್ (ಎದುರಾಳಿಯ ರಕ್ಷಣಾ ಸಾಲನ್ನು ಮೀರಿ ಮುಂದೆ ನಿಂತು ಆಡುವ ತಪ್ಪು) ಅನ್ವಯಿಸದು ಎಂಬುದು ನಮ್ಮ ಹುಡುಗರಲ್ಲಿ ಅರ್ಧದಷ್ಟು ಜನರಿಗೆ ಗೊತ್ತಿರಲಿಲ್ಲ. ಗೋಲ್ ಕಿಕ್ ಪೆನಾಲ್ಟಿ ಪ್ರದೇಶವನ್ನು ದಾಟಲೇಬೇಕೆಂಬ ಹಳೆಯ ನಿಯಮ 2019ರಲ್ಲಿ ಹೋಯಿತು. ಈಗ ಒಳಗೇ ನಿಂತ ಡಿಫೆಂಡರ್‌ಗೆ ಸಣ್ಣ ಪಾಸ್ ಕೊಡಬಹುದು. 2025ರ ಜುಲೈಯಿಂದ ಗೋಲ್‌ಕೀಪರ್ ಚೆಂಡನ್ನು ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದಿಟ್ಟರೆ ಎದುರಾಳಿಗೆ ಕಾರ್ನರ್ ಸಿಗುತ್ತದೆ. ತಾಲೂಕಿನ ಪಂದ್ಯಗಳಲ್ಲಿ ಇದನ್ನು ಎಷ್ಟು ಕಟ್ಟುನಿಟ್ಟಾಗಿ ಜಾರಿ ಮಾಡುತ್ತಾರೋ ನೋಡಬೇಕು. ಏನೇ ಆದರೂ ಸಮಯ ಕಳೆಯಲೆಂದು ಚೆಂಡನ್ನು ಎದೆಗೆ ಅವುಚಿಕೊಂಡು ಮಲಗುವ ಅಭ್ಯಾಸವನ್ನು ಈಗಲೇ ಬಿಡಿಸುವುದು ಲೇಸು.

ಇನ್ನು ಕೊರತೆಗಳ ಮಾತು. ಬೆಳಗಿನ ಅಭ್ಯಾಸ ಟಾಗೋರ್ ಕಡಲತೀರದ ಮರಳಿನಲ್ಲಿ, ಸಂಜೆಯದು ಒಣಗಿ ಗಟ್ಟಿಯಾದ ಮೈದಾನದಲ್ಲಿ ನಡೆಯಿತು. ಮೆತ್ತನೆಯ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕಾಗುವುದರಿಂದ ಕಾಲಿಗೆ ಬಲ ಬರುತ್ತದೆ, ನಿಜ. ಆದರೆ ಮರಳಿನಲ್ಲಿ ಚೆಂಡು ಉರುಳುವುದಿಲ್ಲ, ಒಣ ಮೈದಾನದಲ್ಲಿ ಅದು ಬೇಕೆಂದಲ್ಲಿಗೆ ಉರುಳುತ್ತದೆ. ನಮ್ಮ ಪಂದ್ಯಗಳು ನಡೆಯುವ ನೆಲ ಈ ಎರಡೂ ಬಗೆಯದಲ್ಲ. ವರ್ಷಕ್ಕೆ ಸರಾಸರಿ 3,000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುವ ಕರಾವಳಿಯಲ್ಲಿ ಶಾಲಾ ಕ್ರೀಡಾಕೂಟಗಳೂ ಅದೇ ಅವಧಿಗೆ ಬರುತ್ತವೆ. ಆಗ ಮೈದಾನದ ಒಂದು ಮೂಲೆಯಲ್ಲಿ ಪಾದ ಮುಳುಗುವಷ್ಟು ನೀರು, ಗೋಲಿನ ಮುಂದೆ ಕೆಸರು, ನಡುವೆ ಜಂಬಿಟ್ಟಿಗೆಯ ಕೆಂಪು ಮಣ್ಣು ಸೋಪಿನಂತೆ ಜಾರುತ್ತಿರುತ್ತದೆ. ನೆಲಕ್ಕಂಟಿದ ಸಣ್ಣ ಪಾಸ್ ನೀರಿನಲ್ಲಿ ಅರ್ಧ ದಾರಿಗೇ ನಿಂತುಬಿಡುತ್ತದೆ. ಶಿಬಿರದಲ್ಲಿ ಕಲಿತ ಸಣ್ಣ ಗೋಲ್ ಕಿಕ್ಕನ್ನು ಅಂಥ ನೆಲದಲ್ಲಿ ಪ್ರಯೋಗಿಸಿದರೆ ನಾವೇ ಎದುರಾಳಿಗೆ ಗೋಲು ಬಡಿಸಿ ಕೊಟ್ಟಂತೆ. ಎಲ್ಲಿ ಚೆಂಡನ್ನು ಎತ್ತಿ ಆಡಬೇಕು, ಎಲ್ಲಿ ಉರುಳಿಸಬಹುದು, ಪಂದ್ಯಕ್ಕೆ ಮುನ್ನ ಮೈದಾನವನ್ನು ನಡೆದು ನೋಡಿ ನೀರು ನಿಂತ ಜಾಗಗಳನ್ನು ಗುರುತಿಸುವುದು ಹೇಗೆ ಎಂಬ ಒಂದು ಪಾಠವಾದರೂ ಇರಬೇಕಿತ್ತು.

ಅದಕ್ಕಿಂತ ದೊಡ್ಡ ಕೊರತೆ ಗೋಲ್‌ಕೀಪಿಂಗ್‌ನದು. ನಲವತ್ತರಷ್ಟು ಮಕ್ಕಳ ಶಿಬಿರದಲ್ಲಿ ಕೀಪರ್‌ಗಳು ಐವರು, ಅವರಿಗೆಂದು ಪ್ರತ್ಯೇಕ ತರಬೇತುದಾರರಿಲ್ಲ. ಉಳಿದವರು ಗೋಲಿಗೆ ಹೊಡೆಯುವ ಅಭ್ಯಾಸ ಮಾಡುವಾಗ ಇವರು ಹೋಗಿ ನಿಲ್ಲಬೇಕು, ಅಷ್ಟೇ ಅವರ ತರಬೇತಿ. ನಮ್ಮ ಹೊಸ ಕೀಪರ್ ಒಂಬತ್ತನೆಯ ತರಗತಿಯ ಹುಡುಗ. ಎತ್ತರವಿದ್ದಾನೆ, ಅಂಜುವವನಲ್ಲ, ಎದುರಿನಿಂದ ಬರುವ ಹೊಡೆತಗಳನ್ನು ಚೆನ್ನಾಗಿ ತಡೆಯುತ್ತಾನೆ. ಅಡ್ಡದಿಂದ ತೇಲಿ ಬರುವ ಚೆಂಡಿಗೆ ಮುಂದೆ ಹೋಗಬೇಕೋ ಗೆರೆಯ ಮೇಲೆಯೇ ನಿಲ್ಲಬೇಕೋ ಎಂಬುದನ್ನು ಮಾತ್ರ ಯಾರೂ ಅವನಿಗೆ ಹೇಳಿಕೊಟ್ಟಿಲ್ಲ. ಶಿಬಿರದ ಕೊನೆಯಲ್ಲಿ ಗಡಿಯಾಚೆ ಗೋವಾದ ಕಾಣಕೋಣದ ಹುಡುಗರೊಂದಿಗೆ ನಡೆದ ಸ್ನೇಹಪಂದ್ಯದಲ್ಲಿ ನಾವು ನಾಲ್ಕು ಗೋಲು ಬಿಟ್ಟುಕೊಟ್ಟೆವು. ಅದರಲ್ಲಿ ಮೂರು ಅವನ ಕೈಗೆ ತಗುಲಿ ಜಾರಿದವು, ಅದೂ ಒಣ ಚೆಂಡಿನಲ್ಲಿ. ಜೂನ್ ಮೊದಲ ಮಳೆಗೆ ಶಾಲೆಯ ಅಂಗಳದಲ್ಲಿ ಅವನನ್ನು ನಿಲ್ಲಿಸಿ ನೋಡಿದಾಗ ಅವನೇ ಬಂದು, "ಸರ್, ಒದ್ದೆ ಬಾಲು ಕೈಲಿ ನಿಲ್ಲೂದೇ ಇಲ್ಲ, ಏನ್ ಮಾಡೂದು?" ಎಂದು ನಮ್ಮ ಶಿಕ್ಷಕರನ್ನು ಕೇಳಿದ. ಹಿಡಿಯಲು ಹೋಗದೆ ಎರಡೂ ಮುಷ್ಟಿಗಳಿಂದ ಪಕ್ಕಕ್ಕೆ ಗುದ್ದಿ ಕಳಿಸುವುದು, ನೆಲದ ಹೊಡೆತಕ್ಕೆ ಅಂಗೈಯ ಹಿಂದೆ ಮೊಣಕಾಲು ಮತ್ತು ಎದೆಯನ್ನು ಅಡ್ಡವಿಡುವುದು, ತಡೆದ ಚೆಂಡು ಗೋಲಿನ ನೇರಕ್ಕೆ ಪುಟಿಯದಂತೆ ಬದಿಗೆ ತಳ್ಳುವುದು, ಈ ಮೂರನ್ನು ಕಲಿಸಲು ವಾರಕ್ಕೆ ಎರಡು ಸಂಜೆ ಸಾಕು. ಅಷ್ಟನ್ನೂ ಶಿಬಿರ ಕೊಡಲಿಲ್ಲ ಎಂಬುದೇ ನನ್ನ ಮುಖ್ಯ ದೂರು.

ಸಲಕರಣೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಚೆಂಡುಗಳು ಅಗತ್ಯಕ್ಕಿಂತ ಕಡಿಮೆ ಇದ್ದವು. ಇದ್ದವುಗಳಲ್ಲೂ ಕೆಲವದರ ಮೇಲ್ಪದರ ಸುಲಿದಿತ್ತು. ಐದನೆಯ ಅಳತೆಯ ಚೆಂಡು ಪಂದ್ಯದ ಆರಂಭದಲ್ಲಿ 410ರಿಂದ 450 ಗ್ರಾಂ ತೂಗಬೇಕು ಎನ್ನುತ್ತದೆ ನಿಯಮ, ಮೇಲ್ಪದರ ಸುಲಿದ ಚೆಂಡು ನೀರು ಕುಡಿದರೆ ಆ ಲೆಕ್ಕ ಉಳಿಯದು. ಶಿನ್‌ಗಾರ್ಡ್ ಇಲ್ಲದೆ ಯಾರನ್ನೂ ಆಟಕ್ಕೆ ಬಿಡುತ್ತಿರಲಿಲ್ಲ, ಅದು ಮೆಚ್ಚಬೇಕಾದ ಶಿಸ್ತು. ಹುಡುಗಿಯರು ಬೆರಳೆಣಿಕೆಯಷ್ಟು ಮಾತ್ರ ಇದ್ದರು. ಬಟ್ಟೆ ಬದಲಿಸಲು ಒಂದು ಕೋಣೆಯನ್ನೂ ಒದಗಿಸದ ಸಂಘಟಕರು ಮುಂದಿನ ವರ್ಷ ಅವರ ಸಂಖ್ಯೆ ಹೆಚ್ಚೀತೆಂದು ನಿರೀಕ್ಷಿಸುವುದು ಸರಿಯಲ್ಲ.

ಇಷ್ಟನ್ನು ಇಟ್ಟುಕೊಂಡು ಹಂಗಾಮನ್ನು ನೋಡೋಣ. ತಾಲೂಕಿನಲ್ಲಿ ನಮ್ಮ ಮಿಡ್‌ಫೀಲ್ಡಿಗೆ ಸಮನಾದ ತಂಡ ಒಂದೋ ಎರಡೋ ಇರಬಹುದು. ಅದರ ಮುಂದಿನ ಜಿಲ್ಲಾ ಮಟ್ಟಕ್ಕೆ ನಮ್ಮದು ಕಾರವಾರ ಶೈಕ್ಷಣಿಕ ಜಿಲ್ಲೆ, ಎಂದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಂಬ ಐದು ಕರಾವಳಿ ತಾಲೂಕುಗಳು. ಎಲ್ಲರೂ ಇದೇ ಮಳೆ, ಇದೇ ಕೆಸರಿನಲ್ಲಿ ಬೆಳೆದವರಾದ್ದರಿಂದ ಅಲ್ಲಿ ಯಾರಿಗೂ ನೆಲದ ಅನುಕೂಲವಿಲ್ಲ. ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಮುಂಡಗೋಡಗಳು ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರುವುದರಿಂದ ಆ ಕಡೆಯ ಹುಡುಗರು ನಮಗೆ ಎದುರಾಗುವುದು ಜಿಲ್ಲೆಯ ನಂತರದ ಬೆಳಗಾವಿ ವಿಭಾಗ ಮಟ್ಟದಲ್ಲಿ. ಅಲ್ಲಿ ಬೆಳಗಾವಿ ನಗರದ ಶಾಲೆಗಳೂ ಇರುತ್ತವೆ, ಅಂಥ ತಂಡಗಳು ಕೀಪರ್‌ನ ಬಲಹೀನತೆಯನ್ನು ಮೊದಲ ಐದು ಕಾರ್ನರ್‌ಗಳಲ್ಲೇ ಪತ್ತೆ ಹಚ್ಚುತ್ತವೆ. ಈಗಿರುವಂತೆ ಹೋದರೆ ವಿಭಾಗ ಮಟ್ಟದಲ್ಲಿ ನಮ್ಮ ಆಟ ಒಂದು ಪಂದ್ಯಕ್ಕೆ ಮುಗಿಯುತ್ತದೆ.

ಶಿಬಿರದ ಸಂಘಟಕರಿಗೆ ನನ್ನ ಸಲಹೆ, ಮುಂದಿನ ವರ್ಷ ಏಪ್ರಿಲ್ ಕೊನೆಯ ಎರಡು ವಾರಗಳನ್ನು ಕಡಿಮೆ ಮಾಡಿ ಅಷ್ಟೇ ಅವಧಿಯನ್ನು ಜೂನ್‌ಗೆ ಸಾಗಿಸಬೇಕು. ಮೀನುಗಾರ ಮನೆಗಳ ಹುಡುಗರಿಗೂ ಅದೇ ಅನುಕೂಲ. ಏಪ್ರಿಲ್–ಮೇಯಲ್ಲಿ ಬೋಟುಗಳು ಬಂದರಿಗೆ ಬರುವ ಬೆಳಗಿನ ಹೊತ್ತಿಗೇ ಅಭ್ಯಾಸವಿದ್ದುದರಿಂದ ಮನೆಯವರಿಗೆ ಕೈಜೋಡಿಸಬೇಕಾದ ನಮ್ಮ ಇಬ್ಬರು ಫಾರ್ವರ್ಡ್‌ಗಳು ಪದೇ ಪದೇ ತಪ್ಪಿಸಿಕೊಂಡರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಆ ತೊಡಕು ಇರುವುದಿಲ್ಲ. ಪಾಸ್, ನೋಟ, ನಿಯಮ, ವ್ಯಾಯಾಮ ಇಷ್ಟನ್ನು ಬಯಸುವ ಶಾಲೆಗಳು 1,800 ರೂಪಾಯಿ ಕೊಟ್ಟು ಮಿಡ್‌ಫೀಲ್ಡರ್‌ಗಳನ್ನೂ ಫಾರ್ವರ್ಡ್‌ಗಳನ್ನೂ ನಿಶ್ಚಿಂತೆಯಿಂದ ಕಳುಹಿಸಬಹುದು. ಕೀಪರ್‌ನನ್ನು ಕಳುಹಿಸುವುದಾದರೆ ಅವನಿಗೆ ಪ್ರತ್ಯೇಕ ತರಬೇತಿ ಇದೆಯೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು. ನಮ್ಮವನಿಗಂತೂ ಈ ತಿಂಗಳು ಹೊಸ ಕೈಗವಸು ಬರಲಿದೆ, ಹಿಂದಿನ ವರ್ಷದ ಕೀಪರ್ ಕಾಲೇಜಿನ ತರಗತಿ ಮುಗಿಸಿಕೊಂಡು ವಾರಕ್ಕೆ ಎರಡು ಸಂಜೆ ಬಂದು ಒದ್ದೆ ಚೆಂಡಿನಲ್ಲಿ ಅಡ್ಡದಿಂದ ಕ್ರಾಸ್ ಹಾಕಲು ಒಪ್ಪಿದ್ದಾನೆ.