ಮದುವೆಗೆ ಅಂತ ಹಚ್ಚಿದ ಟ್ಯೂಬು

ಗೋಣಿಕೊಪ್ಪಲಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ನನ್ನ ಮುಖ ನನಗೇ ಗುರುತು ಸಿಗುವುದಿಲ್ಲ. ದಿನವಿಡೀ ಬಿಸಿಲಲ್ಲಿ ಕಣದ ಕಾಫಿ ಕೈಯಾಡಿಸಿದರೆ ಇನ್ನೇನಾಗುತ್ತೆ? ಹೋದ ವರ್ಷ ಏಪ್ರಿಲ್‌ನಲ್ಲಿ ನಾದಿನಿಯ ಮದುವೆ ಬೇರೆ. ಕೆನ್ನೆ ಮೇಲೆ ಕಪ್ಪು ಕಲೆ. ಪೇಟೆಯ ಮೆಡಿಕಲ್ ಶಾಪ್‌ನಲ್ಲಿ ಕೇಳಿದೆ. "ಇದು ಹಚ್ಚಿ ಅಕ್ಕ, ಎಲ್ಲರೂ ಇದನ್ನೇ ಒಯ್ಯೋದು" ಅಂತ ಹುಡುಗ ಒಂದು ಟ್ಯೂಬ್ ಕೊಟ್ಟ. ಡಾಕ್ಟರ್ ಚೀಟಿ ಕೇಳಲಿಲ್ಲ. ನಾನೂ ಫೇರ್‌ನೆಸ್ ಕ್ರೀಮ್ ಅಂದುಕೊಂಡು ತಂದೆ.

ಸುಳ್ಳು ಯಾಕೆ ಹೇಳಲಿ, ಎರಡು ವಾರಕ್ಕೆ ಕಲೆ ಮಾಸಿತು. ಮದುವೆ ಫೋಟೋದಲ್ಲಿ ಚೆನ್ನಾಗೇ ಕಾಣುತ್ತೇನೆ.

ಟ್ಯೂಬ್ ಮುಗಿದ ಮೇಲೆ ಶುರುವಾಯಿತು. ಒಲೆ ಮುಂದೆ ನಿಂತರೆ ಮುಖವೆಲ್ಲ ಉರಿ, ಮೆಣಸಿನಪುಡಿ ಎರಚಿದ ಹಾಗೆ. ಬರೀ ನೀರಲ್ಲಿ ತೊಳೆದರೂ ಕೆಂಪು. ಇನ್ನೊಂದು ಟ್ಯೂಬ್ ತಂದು ಹಚ್ಚಿದರೆ ಮಾರನೇ ದಿನಕ್ಕೇ ಇಳಿಯಿತು. ಹಾಗೆ ಮೂರು ಟ್ಯೂಬ್ ಆಯಿತು. ಮಳೆಗಾಲದ ಹೊತ್ತಿಗೆ ಗದ್ದದ ಮೇಲೆ ಕೂದಲು, ಮೂಗಿನ ಪಕ್ಕ ಕೆಂಪು ನರಗಳು.

ಮೈಸೂರಿನ ಚರ್ಮದ ಡಾಕ್ಟರ್ ಮೊದಲು ಕೇಳಿದ್ದೇ ಟ್ಯೂಬಿನ ಡಬ್ಬಿ. ಅದರ ಮೇಲೆ ರೇಟಿನ ಚೀಟಿ ಅಂಟಿಸಿದ್ದರು. ಡಾಕ್ಟರ್ ಉಗುರಿನಿಂದ ಅದನ್ನು ಎಬ್ಬಿಸಿದರೆ ಕೆಳಗೆ ಕೆಂಪು ಚೌಕ. ಶೆಡ್ಯೂಲ್ ಎಚ್ ಔಷಧಿ, ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಅದರಲ್ಲಿ ಅಚ್ಚು ಹಾಕಿತ್ತು! ಪಕ್ಕದಲ್ಲಿ ಹೈಡ್ರೋಕ್ವಿನೋನ್ 2%, ಟ್ರೆಟಿನಾಯಿನ್ 0.025%, ಮೊಮೆಟಾಸೋನ್ 0.1%. ಕೊನೆಯದು ಸ್ಟೀರಾಯ್ಡ್. ಉರಿ ಮುಚ್ಚಿಟ್ಟದ್ದೂ ಅದೇ, ಬಿಟ್ಟಾಗ ಉರಿ ಎಬ್ಬಿಸಿದ್ದೂ ಅದೇ. ಟ್ರೆಟಿನಾಯಿನ್ ಹಚ್ಚಿದ ಚರ್ಮ ಬಿಸಿಲು ತಡೆಯೋದಿಲ್ಲವಂತೆ. ನಾನೋ ಅದನ್ನು ಹಚ್ಚಿಕೊಂಡೇ ಕಣದಲ್ಲಿ ನಿಂತಿದ್ದೆ.

2018ರಲ್ಲೇ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಅಂಗಡಿಯವನಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ.

ಈಗ ನಾನು ಡಬ್ಬಿಯ ಮುಂಭಾಗ ನೋಡುವುದೇ ಇಲ್ಲ. ಹಿಂದೆ ಹೆಸರಿನ ಪಕ್ಕ ಐ.ಪಿ. (ಇಂಡಿಯನ್ ಫಾರ್ಮಕೋಪಿಯಾ, ಅಂದರೆ ಔಷಧಿಗಳ ಗುಣಮಟ್ಟದ ಸರ್ಕಾರಿ ಪುಸ್ತಕ) ಅಂತಿದ್ದು, ಇಷ್ಟು ಪರ್ಸೆಂಟ್ ಅಂತ ಬರೆದಿದ್ದರೆ, ಕೆಂಪು ಗೆರೆ ಇದ್ದರೆ, ಅದು ಔಷಧಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲುವೊಸಿನೋಲೋನ್, ಈ ನಾಲ್ಕು ಸ್ಟೀರಾಯ್ಡ್‌ಗಳ ಹೆಸರು ಫೋನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮಾಮೂಲಿ ಕ್ರೀಮ್‌ನಲ್ಲಿ ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು, 1% ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಮಾತ್ರ ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಮಡಿಕೇರಿಯಿಂದ ತಂದ ಲೋಳೆಸರದ ಜೆಲ್‌ನಲ್ಲಿ ಲೋಳೆಸರ ಇದ್ದದ್ದು ಸೆಂಟಿನ ಹೆಸರು ಆದ ಮೇಲೆ. ನಮ್ಮ ಹಿತ್ತಲಲ್ಲೇ ಬೇಕಾದಷ್ಟಿದೆ, ಸುಮ್ನೆ ದುಡ್ಡು ದಂಡ. ಟೂರಿಸ್ಟ್ ಅಂಗಡಿಗಳ ಕೆಲವು 'ಹೋಮ್‌ಮೇಡ್' ಕ್ರೀಮಿಗೆ ಪಟ್ಟಿಯೂ ಇಲ್ಲ, ಲೈಸೆನ್ಸ್ ನಂಬರೂ ಇಲ್ಲ, ಬ್ಯಾಚ್ ನಂಬರೂ ಇಲ್ಲ.

ಚಿಕ್ಕಮ್ಮನಿಗೆ ಯಾರೋ ಗಲ್ಫ್‌ನಿಂದ ತಂದುಕೊಟ್ಟ ಬಿಳುಪಿನ ಕ್ರೀಮ್ ಒಂದಿತ್ತು. ಅದರ ಮೇಲೆ ಚಿನ್ನ, ಬೆಳ್ಳಿಗೆ ತಾಗಿಸಬೇಡಿ ಅಂತ ಬರೆದಿತ್ತು. ಡಾಕ್ಟರಿಗೆ ಫೋಟೋ ಕಳಿಸಿದರೆ, ಪಾದರಸ ಇರಬಹುದು, ಮುಟ್ಟಲೇಬೇಡಿ ಅಂದರು. ಪಾದರಸ ಹಾಕಿದ ಕ್ರೀಮ್‌ಗಳಲ್ಲಿ ಇಂಥ ಸೂಚನೆ ಇರುತ್ತದಂತೆ.

ನನ್ನ ಮುಖ ಇನ್ನೂ ಪೂರ್ತಿ ಸರಿಹೋಗಿಲ್ಲ. ನೀವು ನನ್ನ ಹಾಗೆ ಸ್ಟೀರಾಯ್ಡ್ ಇರುವ ಟ್ಯೂಬ್ ಹಚ್ಚುತ್ತಿದ್ದರೆ ನೀವಾಗೇ ಒಮ್ಮೆಲೇ ನಿಲ್ಲಿಸಲೂ ಹೋಗಬೇಡಿ, ಬೇಗ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಖಾಲಿ ಡಬ್ಬಿ ಬಿಸಾಡಬೇಡಿ, ಅವರು ಮೊದಲು ಕೇಳುವುದು ಅದನ್ನೇ.