ಒಂಟಿ ಕೈಗೆ ಯಾವ ಗೇಮಿಂಗ್ ಕನ್ಸೋಲ್? ಮೂರನ್ನೂ ಆಡಿ ನೋಡಿದ ಮೇಲೆ

ಬೈಕ್ ಅಪಘಾತದಲ್ಲಿ ಭುಜದ ನರಗಳಿಗೆ ಪೆಟ್ಟಾದ ಮೇಲೆ ನನ್ನ ಬಲಗೈಯಲ್ಲಿ ಉಳಿದದ್ದು ಭುಜದ ಚಲನೆ ಮತ್ತು ಮೊಣಕೈಯನ್ನು ಅರ್ಧದಷ್ಟು ಮಡಚುವ ಶಕ್ತಿ ಮಾತ್ರ. ಬೆರಳುಗಳು ಏನನ್ನೂ ಹಿಡಿಯುವುದಿಲ್ಲ. ಎಡಗೈ ಪೂರ್ತಿ ಸರಿಯಿದೆ. ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಕನ್ಸೋಲ್ ಕೊಳ್ಳಲು ಹೋದಾಗ ಅಂಗಡಿಯಲ್ಲಿ ಹೇಳುವ ಗ್ರಾಫಿಕ್ಸ್, ಸ್ಟೋರೇಜ್, ಫ್ರೇಮ್ ರೇಟ್‌ಗಳ ಲೆಕ್ಕವೆಲ್ಲ ನನ್ನಂಥವರಿಗೆ ಆಮೇಲಿನ ಮಾತು. ಎರಡು ಸ್ಟಿಕ್ (ಬೆರಳಿನಿಂದ ಎಲ್ಲ ದಿಕ್ಕಿಗೂ ವಾಲಿಸುವ ಚಿಕ್ಕ ಕಡ್ಡಿ), ನಾಲ್ಕು ಮುಖ್ಯ ಬಟನ್, ಮೇಲಂಚಿನಲ್ಲಿ ಮತ್ತೆ ನಾಲ್ಕು ಬಟನ್ ಇರುವ, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನ ಬಲ ಅರ್ಧವನ್ನು ಯಾವುದರಿಂದ ಒತ್ತುವುದು ಎಂಬುದೇ ಮೊದಲು ತೀರ್ಮಾನವಾಗಬೇಕು. ಆ ಒಂದು ಪ್ರಶ್ನೆ ಇಟ್ಟುಕೊಂಡು ಎಕ್ಸ್‌ಬಾಕ್ಸ್ ಸೀರೀಸ್ ಎಸ್, ಪ್ಲೇಸ್ಟೇಷನ್ 5 (ಪಿಎಸ್5) ಮತ್ತು ನಿಂಟೆಂಡೊ ಸ್ವಿಚ್ ಮೂರನ್ನೂ ತಿಂಗಳುಗಟ್ಟಲೆ ಆಡಿ ನೋಡಿದೆ. ಮೊದಲನೆಯದು ನನ್ನದು, ಎರಡನೆಯದು ಭಾವನದು, ಮೂರನೆಯದು ಅಕ್ಕನ ಮಗನದು.

ಸ್ವಿಚ್ ವಿಷಯವನ್ನು ಬೇಗ ಮುಗಿಸುತ್ತೇನೆ. 2017ರಲ್ಲಿ ಬಂದ ಈ ಕನ್ಸೋಲಿನ ಕಂಟ್ರೋಲರ್ ಎರಡು ಬಿಡಿ ತುಂಡುಗಳಾಗಿ ಕಳಚಿಕೊಳ್ಳುತ್ತದೆ, ಮತ್ತು ಒಂದೊಂದು ತುಂಡು, ಅಂದರೆ ಜಾಯ್‌ಕಾನ್, ಸುಮಾರು 50 ಗ್ರಾಂ ಮಾತ್ರ ತೂಗುತ್ತದೆ. ಕೈ ಬೇಗ ಸೋಲುವವರಿಗೆ, ಎರಡು ಕೈಗಳನ್ನು ಎದೆಯ ಮುಂದೆ ಹತ್ತಿರ ತರಲಾಗದವರಿಗೆ ಇದಕ್ಕಿಂತ ಹಗುರವಾದ ಏರ್ಪಾಡು ಈ ಮೂರರಲ್ಲಿ ಇಲ್ಲ. ಮಾರಿಯೊ ಕಾರ್ಟ್ 8 ಡೀಲಕ್ಸ್‌ನಲ್ಲಿ ಕಾರು ತಾನಾಗಿ ವೇಗ ಪಡೆಯುವ ಮತ್ತು ರಸ್ತೆ ಬಿಟ್ಟು ಹೊರಳದಂತೆ ತಡೆಯುವ ಎರಡು ಸೌಲಭ್ಯಗಳನ್ನು ಹಾಕಿಕೊಂಡು, ಒಂದೇ ಜಾಯ್‌ಕಾನನ್ನು ಎಡಗೈಯಲ್ಲಿ ವಾಲಿಸುತ್ತಾ ಅಕ್ಕನ ಮಗನ ಜೊತೆ ಗಂಟೆಗಟ್ಟಲೆ ಆಡಿದ್ದೇನೆ, ಕೆಲವೊಮ್ಮೆ ಗೆದ್ದೂ ಇದ್ದೇನೆ. 2020ರಿಂದ ಬಟನ್‌ಗಳ ಕೆಲಸವನ್ನು ಕನ್ಸೋಲಿನ ಸೆಟ್ಟಿಂಗ್ಸ್‌ನಲ್ಲೇ ಅದಲುಬದಲು ಮಾಡಬಹುದು. ಆದರೆ ಎರಡು ಸ್ಟಿಕ್‌ಗಳನ್ನೂ ಬೇಡುವ ಆಟಕ್ಕೆ ಕುಳಿತರೆ ಬಲಗೈಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ನನ್ನ ಮಟ್ಟಿಗೆ ಇದು ಮನೆಗೆ ಎರಡನೆಯ ಕನ್ಸೋಲ್ ಆಗಬಹುದು, ಮೊದಲನೆಯದಾಗದು.

ನಿಜವಾದ ಪೈಪೋಟಿ ಉಳಿದ ಎರಡರ ನಡುವೆ, ಅದೂ ಕನ್ಸೋಲ್‌ಗಳಿಗಿಂತ ಹೆಚ್ಚಾಗಿ ಅಂಗವಿಕಲರಿಗಾಗಿಯೇ ಅವುಗಳಿಗೆಂದು ಬೇರೆಯಾಗಿ ಬಂದ ಕಂಟ್ರೋಲರ್‌ಗಳ ನಡುವೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ 2018ರಲ್ಲಿ ಬಂತು. ಪ್ಲೇಸ್ಟೇಷನ್ ತಯಾರಿಸುವ ಸೋನಿಯ ಆಕ್ಸೆಸ್ ಕಂಟ್ರೋಲರ್ 2023ರ ಡಿಸೆಂಬರಿನಲ್ಲಿ. ಅಮೆರಿಕದಲ್ಲಿ ಬಿಡುಗಡೆಯಾದಾಗ ಅವುಗಳ ಬೆಲೆ ಕ್ರಮವಾಗಿ 99.99 ಮತ್ತು 89.99 ಡಾಲರ್ ಇತ್ತು. ನನಗೆ ಎರಡನ್ನೂ ತಂದುಕೊಟ್ಟವಳು ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗಳು.

ಪೆಟ್ಟಿಗೆ ತೆರೆದ ದಿನವೇ ಆಡಬೇಕು ಎನ್ನುವವರಿಗೆ ಆಕ್ಸೆಸ್ ಮೇಲು ಎಂದು ಮೊದಲೇ ಹೇಳಿಬಿಡುತ್ತೇನೆ. ಊಟದ ತಟ್ಟೆಗಿಂತ ಚಿಕ್ಕದಾದ ದುಂಡನೆಯ ಸಾಧನ. ಸುತ್ತ ಎಂಟು ಬಟನ್, ನಡುವೆ ಒಂದು, ಪಕ್ಕಕ್ಕೆ ಚಾಚಿಕೊಂಡ ಒಂದು ಸ್ಟಿಕ್. ಇದನ್ನು ಮೇಜಿನ ಮೇಲೆ ಯಾವ ದಿಕ್ಕಿಗೆ ತಿರುಗಿಸಿಟ್ಟರೂ, ಹೀಗೆ ಇಟ್ಟಿದ್ದೇನೆ ಎಂದು ಕನ್ಸೋಲಿಗೆ ತಿಳಿಸಿದರೆ ಸ್ಟಿಕ್ಕಿನ ಮೇಲು-ಕೆಳಗು ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಸ್ಟಿಕ್ಕಿಗೆ ಗುಮ್ಮಟದಂಥ ಅಗಲ ಟೋಪಿ ಹಾಕಿ, ಬಲ ಮಣಿಕಟ್ಟಿನ ಹಿಂಬದಿಯಿಂದ ತಳ್ಳಿ ಆಟದ ಕ್ಯಾಮೆರಾ ತಿರುಗಿಸಲು ನನಗೆ ಒಂದು ಸಂಜೆಯಲ್ಲಿ ಅಭ್ಯಾಸವಾಯಿತು. ಎಡಗೈಯಲ್ಲಿ ಪಿಎಸ್5 ಜೊತೆಗೇ ಬರುವ ಮಾಮೂಲಿ ಡ್ಯುಯಲ್‌ಸೆನ್ಸ್ ಕಂಟ್ರೋಲರ್, ಬಲ ತೋಳಿನ ಕೆಳಗೆ ಆಕ್ಸೆಸ್. ಎರಡನ್ನೂ ಕನ್ಸೋಲ್ ಒಂದೇ ಕಂಟ್ರೋಲರ್ ಎಂದು ಎಣಿಸುತ್ತದೆ. ಒತ್ತಿ ಹಿಡಿಯಬೇಕಾದ ಬಟನ್ನನ್ನು ಒಮ್ಮೆ ಒತ್ತಿದರೆ ಹಿಡಿದಂತೆಯೇ ಇರುವ ಹಾಗೆ ಮಾಡಿಕೊಳ್ಳಬಹುದು, ಮತ್ತು ನನ್ನ ಅನುಭವದಲ್ಲಿ ಅರ್ಧ ಸುಸ್ತು ಕಳೆಯುವುದು ಈ ಒಂದು ಸೌಲಭ್ಯದಿಂದಲೇ. ನನ್ನ ಮುಂದೋಳು ಇಳಿದಾಗ ಅಕ್ಕಪಕ್ಕದ ಬಟನ್‌ಗಳು ಒಟ್ಟಿಗೆ ಒತ್ತಿಹೋಗುತ್ತಿದ್ದವು. ಎರಡು ಬಟನ್‌ಗಳ ಜಾಗ ಮುಚ್ಚುವ ಅಗಲ ಮುಚ್ಚಳ ಹಾಕಿ, ಬೇಡದ ಒಂದೆರಡನ್ನು ಸೆಟ್ಟಿಂಗ್ಸ್‌ನಲ್ಲಿ ನಿಷ್ಕ್ರಿಯಗೊಳಿಸಿದ ಮೇಲೆ ಆ ತೊಂದರೆ ತಪ್ಪಿತು.

ಎಕ್ಸ್‌ಬಾಕ್ಸಿನದು ಇದಕ್ಕೆ ತದ್ವಿರುದ್ಧವಾದ ಯೋಚನೆ. ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ತೂಕದ ಚಪ್ಪಟೆ ಹಲಗೆ, ಅದರ ಮೇಲೆ ಸಣ್ಣ ಸೆಟ್ ದೋಸೆಯಷ್ಟು ಅಗಲದ ಎರಡು ಗುಂಡಿಗಳು, ನಾಲ್ಕು ದಿಕ್ಕಿಗೂ ಒತ್ತುವ ಒಂದು ಪ್ಯಾಡ್. ಸ್ಟಿಕ್ ಇಲ್ಲವೇ ಇಲ್ಲ; ಬೇಕಾದರೆ ಪಕ್ಕದ ಯುಎಸ್‌ಬಿ ಕಿಂಡಿಗೆ ಬೇರೆಯದನ್ನು ಕೊಂಡು ಸಿಕ್ಕಿಸಬೇಕು, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಬೆನ್ನಿನ ಅಂಚಿನಲ್ಲಿ 3.5 ಮಿ.ಮೀ.ನ 19 ಜಾಕ್‌ಗಳು (ಹೊರಗಿನ ಸ್ವಿಚ್ ಸಿಕ್ಕಿಸುವ, ಹೆಡ್‌ಫೋನ್ ತೂತಿನಂಥ ಕಿಂಡಿಗಳು) ಸಾಲಾಗಿವೆ, ಬಟನ್‌ಗೊಂದರಂತೆ. ಆಕ್ಸೆಸ್‌ನಲ್ಲಿರುವುದು ನಾಲ್ಕು. ಈ ವ್ಯತ್ಯಾಸ ಕಾಗದದ ಮೇಲೆ ಬರಿಯ ಅಂಕಿಯಂತೆ ಕಾಣುತ್ತದೆ. ನನಗೆ ಅದರ ಬೆಲೆ ತಿಳಿದದ್ದು ಕಾಲಿಂಗ್ ಬೆಲ್ ಸ್ವಿಚ್ಚಿನಿಂದ.

ಆ ಜಾಕ್‌ಗೆ ಬೇಕಾದುದು ಎರಡು ತಂತಿಗಳು ಕೂಡುವುದು, ಬಿಡುವುದು, ಇಷ್ಟೇ. ಬಾಗಿಲ ಪಕ್ಕದ ಬೆಲ್ ಸ್ವಿಚ್ ಮಾಡುವ ಕೆಲಸವೂ ಅದೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡು ಬೆಲ್ ಸ್ವಿಚ್, ಜಾಕ್‌ಗೆ ಸಿಕ್ಕಿಸುವ ಎರಡು ಮೊನೊ ಪಿನ್, ನಾಲ್ಕು ಮೀಟರ್ ತಂತಿ ಕೊಂಡು, ಭಾವ ಬೆಸುಗೆ ಹಾಕಿಕೊಟ್ಟರು. ಸ್ವಿಚ್‌ಗಳನ್ನು ಹಳೆಯ ಮಣೆಯೊಂದಕ್ಕೆ ಸ್ಕ್ರೂ ಮಾಡಿ ಮೇಜಿನ ಕೆಳಗೆ ಇಟ್ಟೆ. ಎಡಗಾಲ ಹೆಬ್ಬೆರಳಿಗೆ ಒಂದು, ಹಿಮ್ಮಡಿಗೆ ಒಂದು. ಬಲಗೈಗೆ ಎಟುಕದ ಎರಡು ಬಟನ್‌ಗಳು ಹೀಗೆ ಕಾಲಿಗೆ ಇಳಿದವು. ಇದೇ ಕೆಲಸದ ಸಿದ್ಧ ಸ್ವಿಚ್‌ಗಳು ಲಾಜಿಟೆಕ್‌ನ ಕಿಟ್‌ನಲ್ಲಿ ಸಿಗುತ್ತವೆ, ಆದರೆ ಆ ಕಿಟ್ಟಿನ ಬೆಲೆ ಹೆಚ್ಚುಕಡಿಮೆ ಕಂಟ್ರೋಲರಿನಷ್ಟೇ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಅನುಮತಿ ಪಡೆಯದ ಇತರ ಕಂಪನಿಗಳ ಕಂಟ್ರೋಲರ್ ಮತ್ತು ಪರಿವರ್ತಕಗಳನ್ನು (ಬೇರೆ ಕಂಟ್ರೋಲರನ್ನು ಕನ್ಸೋಲಿಗೆ ಹೊಂದಿಸುವ ಸಾಧನಗಳನ್ನು) ಎಕ್ಸ್‌ಬಾಕ್ಸ್ 2023ರ ನವೆಂಬರಿನಿಂದ ತಡೆಯುತ್ತಿದೆ, ಹಾಗಾಗಿ ಅಗ್ಗದ ಪರಿವರ್ತಕವನ್ನು ನಂಬಿ ಈ ಕನ್ಸೋಲ್ ಕೊಳ್ಳಬಾರದು. ಜಾಕ್‌ಗೆ ಸಿಕ್ಕಿಸುವ ಸರಳ ಸ್ವಿಚ್‌ಗಳಿಗೆ ಈ ತಡೆಯಿಲ್ಲ.

ಕನ್ಸೋಲಿನ ಬೆಲೆಯಲ್ಲಿಯೂ ಅಂತರವಿದೆ. ಭಾರತದಲ್ಲಿ ಬಿಡುಗಡೆಯಾದಾಗ ಸೀರೀಸ್ ಎಸ್‌ಗೆ 34,990 ರೂಪಾಯಿ, ಡಿಸ್ಕ್ ಹಾಕುವ ಪಿಎಸ್5ಗೆ 49,990 ರೂಪಾಯಿ ಇತ್ತು. ಅಡಾಪ್ಟಿವ್ ಕಂಟ್ರೋಲರ್ ವಿಂಡೋಸ್ ಕಂಪ್ಯೂಟರಿನಲ್ಲೂ ನಡೆಯುತ್ತದೆ, ಆದ್ದರಿಂದ ಕನ್ಸೋಲ್ ಬೇಡವೆನಿಸಿದರೂ ಅದು ಮೂಲೆ ಸೇರುವುದಿಲ್ಲ; ಆಕ್ಸೆಸ್ ಅನ್ನು ಪಿಎಸ್5ಗಾಗಿಯೇ ಮಾಡಿದ್ದಾರೆ.

ಆಟಗಳ ಮಾತು ಬಂದಾಗ ಮಾತ್ರ ನನ್ನ ಮನಸ್ಸು ಪಿಎಸ್5 ಕಡೆಗೆ ವಾಲುತ್ತದೆ. ಸ್ಪೈಡರ್‌ಮ್ಯಾನ್ 2ರಲ್ಲಿ ಇಡೀ ಆಟದ ವೇಗವನ್ನೇ 70, 50 ಅಥವಾ 30 ಶೇಕಡಕ್ಕೆ ಇಳಿಸಬಹುದು. ಹೊಡೆದಾಟದ ನಡುವೆ ತೋಳನ್ನು ಒಂದು ಬಟನ್‌ನಿಂದ ಇನ್ನೊಂದಕ್ಕೆ ಎತ್ತಿಡಲು ಬೇಕಾದ ಅರೆಕ್ಷಣ ಅಲ್ಲಿ ಸಿಗುತ್ತದೆ. ಎಕ್ಸ್‌ಬಾಕ್ಸಿನ ಫೋರ್ಜಾ ಹೊರೈಜನ್ 5ರಲ್ಲಿಯೂ ಒಬ್ಬರೇ ಆಡುವಾಗ ವೇಗ ತಗ್ಗಿಸಬಹುದು, ಆದರೆ ಕಾರಿನಾಟ ನನಗೆ ನಿಂಟೆಂಡೊ ಸ್ವಿಚ್‌ನಲ್ಲೇ ಸಾಕಷ್ಟು ಆಗಿದೆ.

ಇಷ್ಟಾಗಿಯೂ ನಾನು ಉಳಿಸಿಕೊಂಡದ್ದು ಸೀರೀಸ್ ಎಸ್. ಬೇಸಿಗೆಯಲ್ಲಿ ಭುಜ ನೋವು ಹೆಚ್ಚಾಗಿ ಬಲ ತೋಳನ್ನು ಎತ್ತುವುದೇ ಕಷ್ಟವಾದಾಗ ಇನ್ನೊಂದು ಬೆಲ್ ಸ್ವಿಚ್ ಸೇರಿಸಿ ಬಲಗಾಲಿಗೆ ಕೊಟ್ಟೆ, ಇನ್ನೂ ಹದಿನಾರು ಜಾಕ್ ಖಾಲಿ ಇವೆ. ಆದರೆ ಒಂದು ಕೈಯ ಬೆರಳುಗಳು ಕೆಲಸ ಮಾಡದೆ ತೋಳು ಮಾತ್ರ ಬಲವಾಗಿರುವ, ಬೆಸುಗೆ ಹಾಕಿಕೊಡುವವರು ಮನೆಯಲ್ಲಿಲ್ಲದ ಗೆಳೆಯರು ಕೇಳಿದರೆ ಪಿಎಸ್5 ಮತ್ತು ಆಕ್ಸೆಸ್ ಕೊಳ್ಳಿ ಎಂದೇ ಹೇಳುತ್ತೇನೆ. ನನ್ನ ಆಕ್ಸೆಸ್ ಈಗ ಭಾವನ ಮನೆಯಲ್ಲಿದೆ. ಸ್ಪೈಡರ್‌ಮ್ಯಾನ್ ಅರ್ಧಕ್ಕೆ ನಿಂತಿರುವುದರಿಂದ ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿಗೆ ಹೋಗುತ್ತೇನೆ.